ಹಳೆ ಜೀಪಿನ ಮುಂದಿನ ಆಕ್ಸಲ್: ಶಿಮ್ ತೆಗೆದರೆ ಪ್ಲೇ (ಸಡಿಲ) ಹೋಗುತ್ತಾ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಅಪ್ಪನ ಕಾಲದ ಮಹೀಂದ್ರ ಸಿಜೆ 3ಬಿ ಜೀಪ್ ಇದೆ. ಈಗ ಅದರಲ್ಲಿ ಡೀಸೆಲ್ ಇಂಜಿನ್ ಕೂರಿಸಿದ್ದೇವೆ. 35-40 ಕಿ.ಮೀ. ವೇಗದಲ್ಲಿ ಚಕ್ರ ಗುಂಡಿಗೆ ಇಳಿದರೆ ಮುಂದಿನ ಎರಡೂ ಚಕ್ರ ಗಡಗಡ ಅಲ್ಲಾಡುತ್ತವೆ, ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಚಕ್ರ ತಿರುಗಿಸುವ ಅಡ್ಡ ಸರಳಿನ ತುದಿಗಳನ್ನು, ಅಂದರೆ ಟೈ ರಾಡ್ ಎಂಡ್‌ಗಳನ್ನು, ಹೊಸದು ಹಾಕಿಸಿದೆ, ಪ್ರಯೋಜನ ಆಗಲಿಲ್ಲ. ಆಮೇಲೆ ಗ್ಯಾರೇಜಿನವರು ಕಿಂಗ್ ಪಿನ್ನಿನ (ಚಕ್ರ ಎಡಬಲ ತಿರುಗುವ ಪಿನ್) ಶಿಮ್, ಅಂದರೆ ತೆಳು ತಗಡಿನ ತುಂಡು, ಎರಡು ತೆಗೆದು ಟೈಟ್ ಮಾಡಿದರು. ಸ್ಟೇರಿಂಗ್ ಭಾರ ಆಯ್ತು, ತಿರುವಿನ ನಂತರ ತಾನಾಗಿ ನೇರ ಆಗುತ್ತಿರಲಿಲ್ಲ. ತಿಂಗಳಲ್ಲೇ ಅಲ್ಲಾಟ ವಾಪಸ್ ಬಂತು. ಎಡಗಡೆ ಚಕ್ರದ ಹಿಂದೆ ಎಣ್ಣೆಯೂ ಜಿನುಗುತ್ತಿದೆ. ಗುಜರಿಯಿಂದ ಪೂರ್ತಿ ಆಕ್ಸಲ್ ತಂದು ಹಾಕೋಣ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಆಕ್ಸಲ್ ತರಬೇಡಿ. ಗುಜರಿಯಲ್ಲಿ ಸಿಗುವುದೂ ಇನ್ಯಾರದೋ ತೋಟದಲ್ಲಿ ನಿಮ್ಮದರಷ್ಟೇ ನೀರು ಕುಡಿದು ಬಂದಿರುತ್ತದೆ. ದುಡ್ಡು ಕೊಟ್ಟು ಬೇರೆಯವರ ರೋಗ ಮನೆಗೆ ತಂದ ಹಾಗೆ. ನಿಮ್ಮ ಆಕ್ಸಲ್ ಬಾಗಿಲ್ಲ, ಬಿರುಕು ಬಿಟ್ಟಿಲ್ಲ ಅಂದರೆ ಅದನ್ನೇ ಸರಿ ಮಾಡಬಹುದು. ಅದರಲ್ಲಿ ಸವೆಯುವ ಭಾಗಗಳೆಲ್ಲ ಬಿಚ್ಚಿ ಬದಲಿಸುವಂಥವೇ.

ನೀವು ಬರೆದದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಚಕ್ರದ ಅಲ್ಲಾಟ ಅಲ್ಲ. ಸ್ಟೇರಿಂಗ್ ಭಾರವೂ ಆಯ್ತು, ಸಡಿಲವೂ ಉಳಿಯಿತು ಅಂದಿರಲ್ಲ, ಆ ಮಾತು. ಒಂದೇ ಜಾಗ ಭಾರವೂ ಸಡಿಲವೂ ಹೇಗೆ ಆಗುತ್ತದೆ?

ಸಿಜೆ 3ಬಿಯಲ್ಲಿ ಆಕ್ಸಲ್ಲಿನ ಎರಡೂ ತುದಿಯಲ್ಲಿ ಪೊಳ್ಳು ಉಂಡೆ ಇರುತ್ತದೆ. ಆ ಉಂಡೆಯ ಮೇಲೆ ನಕಲ್ (ಚಕ್ರ ಹಿಡಿದಿರುವ ತುಂಡು) ಎಡಕ್ಕೆ ಬಲಕ್ಕೆ ತಿರುಗುತ್ತದೆ. ಮೇಲೊಂದು ಕೆಳಗೊಂದು ಕಿಂಗ್ ಪಿನ್, ಎರಡಕ್ಕೂ ಒಂದೊಂದು ಟೇಪರ್ ರೋಲರ್ ಬೇರಿಂಗ್. ಬೇರಿಂಗಿನ ಕಪ್ ಉಂಡೆಯಲ್ಲಿ ಕೂತಿರುತ್ತದೆ, ರೋಲರ್ ಇರುವ ಕೋನ್ ಪಿನ್ನಿನ ಮೇಲೆ. ಪಿನ್ ಇರುವ ಕ್ಯಾಪನ್ನು ನಕಲ್ಲಿಗೆ ಬೋಲ್ಟ್ ಮಾಡುವಾಗ ನಡುವೆ ತೆಳ್ಳಗಿನ ಶಿಮ್ ಹಾಕುತ್ತಾರೆ. ಶಿಮ್ ಕಡಿಮೆ ಮಾಡಿದರೆ ಬೇರಿಂಗ್ ಬಿಗಿಯಾಗುತ್ತದೆ, ಜಾಸ್ತಿ ಮಾಡಿದರೆ ಸಡಿಲ. ಜೀಪಿನ ಮುಂಭಾಗದ ಭಾರ ಹೊರುವುದು ಕೆಳಗಿನ ಬೇರಿಂಗ್. ಉಂಡೆಯೊಳಗೆ ಹೋದ ನೀರು ಬಂದು ನಿಲ್ಲುವುದೂ ಅಲ್ಲೇ.

ಈಗ ಯೋಚನೆ ಮಾಡಿ. ಜೀಪ್ ಹೆಚ್ಚಿನ ಹೊತ್ತು ನೇರವಾಗಿಯೇ ಓಡುತ್ತದೆ. ಅಂದರೆ ಆ ರೋಲರ್‌ಗಳು ವರ್ಷಗಟ್ಟಲೆ ಕಪ್ಪಿನ ಅದೇ ಗೆರೆಗಳ ಮೇಲೆ ಕೂತು, ಗುಂಡಿ ಬಿದ್ದಾಗಲೆಲ್ಲ ಅಲ್ಲೇ ಕುಟ್ಟಿಸಿಕೊಳ್ಳುತ್ತವೆ. ಗ್ರೀಸಿನ ಜಾಗದಲ್ಲಿ ಕೆಂಪು ನೀರಿದ್ದರೆ ಕೇಳುವುದೇ ಬೇಡ. ಕಪ್ಪಿನಲ್ಲಿ ರೋಲರ್ ಅಗಲದ ತಗ್ಗುಗಳು ಬೀಳುತ್ತವೆ. ಚಕ್ರ ನೇರ ಇದ್ದಾಗ ರೋಲರ್ ತಗ್ಗಿನಲ್ಲಿರುತ್ತದೆ, ಅಲ್ಲಿ ಸಡಿಲ. ತಿರುಗಿಸಿದಾಗ ತಗ್ಗು ಹತ್ತಿ ಸವೆಯದ ಜಾಗಕ್ಕೆ ಬರುತ್ತದೆ, ಅಲ್ಲಿ ಬಿಗಿ. ಇಂಥ ಬೇರಿಂಗಿಗೆ ಶಿಮ್ ತೆಗೆದರೆ ಬಿಗಿ ಇದ್ದ ಜಾಗ ಇನ್ನೂ ಬಿಗಿಯಾಗುತ್ತದೆ. ತಗ್ಗು ತುಂಬಿಕೊಳ್ಳುವುದಿಲ್ಲ. ನಿಮ್ಮ ಸ್ಟೇರಿಂಗ್ ಭಾರ ಆಗಿದ್ದು, ನೇರಕ್ಕೆ ವಾಪಸ್ ಬರದೆ ಇದ್ದದ್ದು ಇದಕ್ಕೇ ಅಂತ ನನ್ನ ಲೆಕ್ಕ. ಶಿಮ್ ಇರುವುದು ಒಳ್ಳೆ ಬೇರಿಂಗನ್ನು ಸರಿಯಾಗಿ ಕೂರಿಸಲಿಕ್ಕೆ. ಕೆಟ್ಟ ಬೇರಿಂಗಿಗೆ ಅದು ಮದ್ದಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಕೆಲಸ ಕಲಿತ ಹೊಸತರಲ್ಲಿ ಸುಂಟಿಕೊಪ್ಪ ಕಡೆಯ ಒಂದು ಜೀಪಿಗೆ ಎರಡು ಸಲ ಟೈ ರಾಡ್ ಎಂಡ್ ಹಾಕಿದೆ, ಮೂರು ಸಲ ಶಿಮ್ ತೆಗೆದೆ. ಕೊನೆಗೆ ಸಿಟ್ಟು ಬಂದು ರಾಡ್ ಕಳಚಿ ನಕಲ್ಲನ್ನು ಬರಿಗೈಯಲ್ಲಿ ಸುಮ್ನೆ ತಿರುಗಿಸಿದೆ. ನಡುವಿಗೆ ಬಂದಾಗ ಟಕ್ ಅಂತ ಕೂತುಕೊಂಡಿತು. ಅಲ್ಲಿಂದ ಎಬ್ಬಿಸಲು ಕೈಗೆ ಸ್ವಲ್ಪ ಜೋರು ಬೇಕಿತ್ತು. ಮತ್ತೆ ತಿರುಗಿಸಿದೆ, ಮತ್ತೆ ಅಲ್ಲೇ ಟಕ್. ಹಳೇ ಕಾಲದ ರೇಡಿಯೋ ಸ್ವಿಚ್ ತಿರುಗಿಸಿದ ಹಾಗೆ. ಬಿಚ್ಚಿ ನೋಡಿದರೆ ಕೆಳಗಿನ ಕಪ್ಪಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆಗಳು, ಎಳ್ಳುಂಡೆ ಬಣ್ಣದ ತುಕ್ಕು. ಅವತ್ತಿನಿಂದ ರಾಡ್ ಕಳಚಿ ಕೈಯಲ್ಲಿ ತಿರುಗಿಸಿ ನೋಡದೆ ನಾನು ಒಂದು ಶಿಮ್ ಮುಟ್ಟಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಕಿಂಗ್ ಪಿನ್ ಮೇಲೆ ಹಾಕಬೇಡಿ. ಈ ಥರದ ಅಲ್ಲಾಟಕ್ಕೆ ಸಾಮಾನ್ಯವಾಗಿ ಎರಡು ಮೂರು ಕಡೆಯ ಸಣ್ಣ ಸಣ್ಣ ಪ್ಲೇ ಸೇರಿರುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಏರುತ್ತಾ ಹೋಗುತ್ತದಲ್ಲ, ಹಾಗೆ ಒಂದು ವೇಗದಲ್ಲಿ ಚಕ್ರದ ಒಂದು ಅಲುಗಾಟ ಇನ್ನೊಂದನ್ನು ತಳ್ಳುತ್ತದೆ. ಗುಂಡಿ ಮೊದಲ ತಳ್ಳು ಕೊಡುತ್ತದೆ, ಉಳಿದದ್ದನ್ನು ಪ್ಲೇ ನೋಡಿಕೊಳ್ಳುತ್ತದೆ. ಹಾಗಾಗಿ ಸಾಮಾನು ತರುವ ಮೊದಲು ಪ್ಲೇ ಎಲ್ಲಿದೆ ಅಂತ ಹುಡುಕಿ.

ಹುಡುಕಲು ಬೇಕಾದ್ದು ಒಬ್ಬ ಸಹಾಯಕ ಮತ್ತು ನಿಮ್ಮ ಬೆರಳು. ಜೀಪ್ ಸಮತಟ್ಟು ನೆಲದಲ್ಲಿರಲಿ, ಚಕ್ರಗಳು ನೆಲದ ಮೇಲೇ ಇರಲಿ. ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆ ಜಾಗ ಇಲ್ಲ. ಇಂಜಿನ್ ಆಫ್. ಸಹಾಯಕ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಒಂದೆರಡು ಇಂಚು ಅಲ್ಲಾಡಿಸುತ್ತಾ ಇರಲಿ. ನೀವು ಕೆಳಗೆ ಮಲಗಿ ಒಂದೊಂದೇ ಜೋಡಣೆಯ ಮೇಲೆ ಬೆರಳಿಡಿ, ಅರ್ಧ ಬೆರಳು ಈ ಭಾಗದ ಮೇಲೆ, ಅರ್ಧ ಆ ಭಾಗದ ಮೇಲೆ. ಎರಡೂ ಒಟ್ಟಿಗೆ ಅಲುಗಿದರೆ ಅದು ಚೆನ್ನಾಗಿದೆ. ಒಂದು ಮೊದಲು ಹೋಗಿ ಇನ್ನೊಂದು ಹಿಂದೆ ಬಂದರೆ ಪ್ಲೇ ಅಲ್ಲಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಸ್ಟೇರಿಂಗ್ ಬಾಕ್ಸಿನಿಂದ ಶುರು ಮಾಡಿ, ಬಾಕ್ಸಿನಿಂದ ಬೆಲ್ ಕ್ರ್ಯಾಂಕಿಗೆ ಹೋಗುವ ಡ್ರ್ಯಾಗ್ ಲಿಂಕಿನ ಎರಡೂ ತುದಿ, ಬೆಲ್ ಕ್ರ್ಯಾಂಕ್, ಟೈ ರಾಡಿನ ನಾಲ್ಕು ತುದಿ, ಹೀಗೆ ಚಕ್ರದ ಕಡೆಗೆ ಹೋಗಿ. ಬಾಕ್ಸ್ ಚಾಸಿಗೆ ಕೂರುವ ಬೋಲ್ಟ್‌ಗಳನ್ನೂ ಬಿಡಬೇಡಿ. ಬಾಕ್ಸಿನ ಬಾಡಿಯೇ ಅಲ್ಲಾಡುವ ಜೀಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬೆಲ್ ಕ್ರ್ಯಾಂಕ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ, ನನಗೆ ಅನುಮಾನ ಅದಕ್ಕೇ. ಮುಂದಿನ ಅಡ್ಡಪಟ್ಟಿಯ ಹತ್ತಿರ, ಎರಡು ಟೈ ರಾಡ್ ಬಂದು ಸೇರುವ ಆ ತ್ರಿಕೋನದಂಥ ತುಂಡು. ಸಿಜೆ 3ಬಿಯಲ್ಲಿ ಬಾಕ್ಸಿನಿಂದ ಬಂದ ತಳ್ಳು ನೇರ ಚಕ್ರಕ್ಕೆ ಹೋಗುವುದಿಲ್ಲ, ಮೊದಲು ಇದಕ್ಕೆ ಬಂದು ಇಲ್ಲಿಂದ ಎರಡೂ ಕಡೆ ಹಂಚಿಹೋಗುತ್ತದೆ. ಒಳಗೆ ಪಿನ್ನಿನ ಮೇಲೆ ಸೂಜಿಯಂಥ ನೀಡಲ್ ಬೇರಿಂಗ್ ಇವೆ. ಗ್ರೀಸ್ ನಿಪ್ಪಲ್ ಕೆಸರಿನಲ್ಲಿ ಮುಚ್ಚಿಹೋಗಿ, ವರ್ಷಗಟ್ಟಲೆ ಯಾರೂ ಗನ್ ಹಿಡಿದಿರುವುದಿಲ್ಲ. ಸ್ಟೇರಿಂಗ್ ಅಲ್ಲಾಡಿಸಿದಾಗ ಅದು ತಿರುಗುವ ಮೊದಲು ಮೇಲೆ ಕೆಳಗೆ ವಾಲುತ್ತದೆಯಾ ನೋಡಿ. ವಾಲಿದರೆ ಪಿನ್ ಮುಗಿದಿದೆ. ಬರೀ ಬೇರಿಂಗ್ ಹಾಕಿ ಹಳೇ ಪಿನ್ ಬಿಟ್ಟರೆ ಕೆಲಸ ದಂಡ, ಸೂಜಿಗಳು ಪಿನ್ನಿನಲ್ಲಿ ಗೀರು ಬರೆದಿರುತ್ತವೆ. ಪಿನ್, ಬೇರಿಂಗ್, ಸೀಲ್ ಎಲ್ಲ ಕಿಟ್ ಆಗಿ ಸಿಗುತ್ತವೆ. ಅದು ನಿಲ್ಲುವ ಬ್ರಾಕೆಟ್ಟಿನ ಬುಡದಲ್ಲಿ ಸೀಳು ಇದೆಯಾ ಅಂತ ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡಿ.

ಇನ್ನು ಚಕ್ರ ಎತ್ತಿ. ಗುಡ್ಡದ ಊರಲ್ಲಿ ಈ ಮಾತು ಹೇಳಲೇಬೇಕು: ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲ. ಇವತ್ತು ಎತ್ತುವುದು ಮುಂದಿನದ್ದೇ ಆದರೂ ನೆನಪಿರಲಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ ಟಕ ಅಂದರೆ ಒಂದೋ ವೀಲ್ ಬೇರಿಂಗ್, ಇಲ್ಲ ಕಿಂಗ್ ಪಿನ್. ಯಾವುದು ಅಂತ ತಿಳಿಯಲು ಸಹಾಯಕನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಟಕ ಟಕ ನಿಂತರೆ ವೀಲ್ ಬೇರಿಂಗ್. ಆಗಲೂ ನಿಲ್ಲದಿದ್ದರೆ ಕಿಂಗ್ ಪಿನ್.

ಎಡಗಡೆಯ ಎಣ್ಣೆ ವಿಷಯಕ್ಕೆ ಬರೋಣ. ಅದು ಬೇರೆ ರೋಗ ಅಂದುಕೊಳ್ಳಬೇಡಿ, ಇದೇ ರೋಗದ ಇನ್ನೊಂದು ಮುಖ. ಉಂಡೆ ಮತ್ತು ಆಕ್ಸಲ್ ಕೊಳವೆಯ ನಡುವೆ ಒಳಗೊಂದು ಆಯಿಲ್ ಸೀಲ್ ಇದೆ. ಅದು ಹೋದರೆ, ಜೀಪ್ ಓರೆಯಾಗಿ ನಿಂತಾಗ ಡಿಫರೆನ್ಷಿಯಲ್ ಆಯಿಲ್ ತಗ್ಗಿನ ಕಡೆಯ ಉಂಡೆಗೆ ಇಳಿಯುತ್ತದೆ, ಅಲ್ಲಿರುವ ಗ್ರೀಸನ್ನು ತೆಳ್ಳಗೆ ಮಾಡಿ ಹೊರಗಿನ ಫೆಲ್ಟ್ ಸೀಲಿನಿಂದ ಜಿನುಗುತ್ತದೆ. ನಿಮ್ಮ ಶೆಡ್ಡಿನಲ್ಲಿ ಜೀಪ್ ಎಡಕ್ಕೆ ವಾಲಿ ನಿಲ್ಲುತ್ತದಾ ನೋಡಿ, ಆಶ್ಚರ್ಯ ಇಲ್ಲ.

ಎಣ್ಣೆ ಹೊರಬರುವ ದಾರಿಯಲ್ಲೇ ನೀರು ಒಳಹೋಗುತ್ತದೆ. ಅರ್ಧ ಗಂಟೆ ಓಡಿದ ಜೀಪಿನ ಉಂಡೆ ಬಿಸಿಯಾಗಿರುತ್ತದೆ. ಹಾಗೇ ತೋಡಿಗೆ (ಹಳ್ಳಕ್ಕೆ) ಇಳಿಸಿದರೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಸವೆದ ಫೆಲ್ಟಿನ ಸಂದಿಯಿಂದ ಕೆಸರು ನೀರನ್ನು ಎಳೆದುಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಹದಿನೈದು ವರ್ಷ ಬಾಳುವ ಕಿಂಗ್ ಪಿನ್ ಬೇರಿಂಗ್ ನಮ್ಮಲ್ಲಿ ನಾಲ್ಕೈದು ಮಳೆಗಾಲಕ್ಕೆ ಸುಸ್ತಾಗುವುದನ್ನು ನೋಡಿದ್ದೇನೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪ್‌ಗಳ ಕಥೆ ಕೇಳಿದರೆ ನಿಮ್ಮದು ಎಷ್ಟೋ ವಾಸಿ ಅನ್ನಿಸುತ್ತದೆ. ಬೇರಿಂಗ್ ಹೊಸದು ಹಾಕಿ ಸೀಲ್ ಹಳೇದೇ ಬಿಡುವುದು ಅಂದರೆ ಸೋರುವ ಮನೆಯಲ್ಲಿ ಹೊಸ ಹಾಸಿಗೆ ಹಾಸಿದಂತೆ.

ಬಿಚ್ಚುವ ಕೆಲಸ ಕಷ್ಟ ಅಲ್ಲ, ಕೊಳಕು. ಹಬ್ಬಿನ ಫ್ಲ್ಯಾಂಜ್, ಲಾಕ್ ನಟ್, ಡ್ರಮ್ಮು ಹಬ್ಬು, ಬ್ರೇಕ್ ಪ್ಲೇಟ್, ಸ್ಪಿಂಡಲ್, ಆಮೇಲೆ ಆಕ್ಸಲ್ ಶಾಫ್ಟ್. ಬ್ರೇಕ್ ಪ್ಲೇಟನ್ನು ಪೈಪಿನ ಮೇಲೆ ನೇತಾಡಲು ಬಿಡಬೇಡಿ, ತಂತಿಯಿಂದ ಕಮಾನ್ ಪ್ಲೇಟಿಗೆ ಕಟ್ಟಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರ್‌ನಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಲಾಕ್ ನಟ್ಟಿಗೆ ಅದರದ್ದೇ ಬಾಕ್ಸ್ ಪಾನ ತನ್ನಿ. ಉಳಿ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವುದು ನಮ್ಮ ಗ್ಯಾರೇಜ್‌ಗಳ ದೊಡ್ಡ ಚಟ. ಹಾಗೆ ಹೊಡೆದ ನಟ್ಟನ್ನು ಆಮೇಲೆ ಸರಿಯಾಗಿ ಹೊಂದಿಸಲು ಆಗುವುದಿಲ್ಲ. ಟೈ ರಾಡ್ ಎಂಡ್ ಕೂತು ಬಿಟ್ಟಿದ್ದರೆ ತಿರುಪಿನ ಗೆರೆಗಳ ಮೇಲೆ ಹೊಡೆಯಬೇಡಿ. ರಾಡ್ ಕೂರುವ ಸ್ಟೇರಿಂಗ್ ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ, ಇನ್ನೊಂದು ಪಕ್ಕಕ್ಕೆ ಗಟ್ಟಿಯಾಗಿ ಎರಡು ಏಟು ಕೊಡಿ. ಟೇಪರ್ ತಾನಾಗಿ ಬಿಡುತ್ತದೆ.

ಸ್ಪಿಂಡಲ್ ಕೈಗೆ ಬಂದಾಗ ವೀಲ್ ಬೇರಿಂಗ್ ಕೂರುವ ಜಾಗ ನೋಡಿ. ಅಲ್ಲಿ ಬೇರಿಂಗ್ ತಿರುಗಿ ತಿರುಗಿ ಸವೆದಿದ್ದರೆ ಸೆಂಟರ್ ಪಂಚಿನಲ್ಲಿ ಚುಕ್ಕಿ ಹೊಡೆದು ಬಿಗಿ ಮಾಡಿಕೊಡುವವರಿದ್ದಾರೆ. ಬೇಡ ಅನ್ನಿ, ಆ ಚುಕ್ಕಿಗಳು ಸ್ವಲ್ಪ ದಿನದಲ್ಲೇ ಚಪ್ಪಟೆಯಾಗುತ್ತವೆ. ಸ್ಪಿಂಡಲ್ ಬದಲಿಸಿ. ಒಳಗಿನ ಕಂಚಿನ ಬುಷ್ ಸವೆದಿದ್ದರೆ ಅದನ್ನು ಮಾತ್ರ ಲೇತಿನಲ್ಲಿ ಮಾಡಿಸಿಕೊಳ್ಳಬಹುದು. ಆಕ್ಸಲ್ ಶಾಫ್ಟ್ ಹೊರಬಂದಾಗ ಅದರ ಜಾಯಿಂಟನ್ನೂ ಒಮ್ಮೆ ತಿರುಗಿಸಿ ನೋಡಿ. ಕ್ರಾಸ್ ಇರುವ ಜಾಯಿಂಟಿನ ರಿಪೇರಿ ಸುಲಭ, ಗುಂಡುಗಳಿರುವುದಾದರೆ ಜೋಪಾನ, ಸುಮ್ಮನೆ ಬಿಚ್ಚಬೇಡಿ.

ಕಿಂಗ್ ಪಿನ್ ಬೇರಿಂಗಿನ ಕೋನ್ ನಂಬರ್ 11590, ಕಪ್ 11520. ವೀಲ್ ಬೇರಿಂಗಿನದು 18590 ಮತ್ತು 18520. ಆದರೂ ನಿಮ್ಮ ಹಳೇ ಬೇರಿಂಗಿನ ಮೇಲೆ ಕೊರೆದ ನಂಬರ್ ನೋಡಿಯೇ ತನ್ನಿ. ಇಷ್ಟು ವರ್ಷದ ಗಾಡಿಯಲ್ಲಿ ಯಾರು ಏನು ಹಾಕಿದ್ದಾರೋ. ಇವು ಜೀಪಿನ ಅಂಗಡಿಯಲ್ಲೇ ಸಿಗಬೇಕು ಅಂತಿಲ್ಲ, ಬೇರಿಂಗ್ ಮಾರುವ ಯಾವ ಅಂಗಡಿಯಲ್ಲಿ ಕೇಳಿದರೂ ನಂಬರ್ ಸಾಕು. ಉಳಿದ ಸಾಮಾನಿಗೆ ಮೈಸೂರು, ಅಲ್ಲಿಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಕಪ್ ಮತ್ತು ಕೋನ್ ಎರಡೂ ಹೊಸದೇ ಇರಲಿ. ಹಳೇ ಕಪ್ಪಿಗೆ ಹೊಸ ಕೋನ್ ಹಾಕುವುದು ಉಳಿತಾಯ ಅಲ್ಲ. ಹಳೇ ಕಪ್ ಎಸೆಯಬೇಡಿ, ಹೊರಸುತ್ತು ಸ್ವಲ್ಪ ಗ್ರೈಂಡ್ ಮಾಡಿ ಇಟ್ಟುಕೊಂಡರೆ ಹೊಸ ಕಪ್ ಕೂರಿಸಲು ಅದಕ್ಕಿಂತ ಒಳ್ಳೆ ಸಾಧನ ಇಲ್ಲ.

ಕಪ್ ಕೂರಿಸುವ ಮೊದಲು ಉಂಡೆಯ ಹೊರಮೈ ನೋಡಿ. ಫೆಲ್ಟ್ ಉಜ್ಜುವುದು ಅದರ ಮೇಲೆ. ತುಕ್ಕು ಹಿಡಿದು ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಎಷ್ಟು ಒಳ್ಳೆ ಸೀಲ್ ಹಾಕಿದರೂ ಅರದ ಹಾಗೆ ಉಜ್ಜಿ ಹರಿದು ಹಾಕುತ್ತದೆ. ಸಣ್ಣ ಗುಳಿಗೆ ಎಮರಿ ಕಾಗದ ಸಾಕು. ಆಳ ಇದ್ದರೆ ಚೆನ್ನಾಗಿ ತೊಳೆದು, ಒಣಗಿಸಿ, ಲೋಹ ತುಂಬುವ ಎಪಾಕ್ಸಿ ಹಚ್ಚಿ, ಗಟ್ಟಿಯಾದ ಮೇಲೆ ಉಂಡೆಯ ಆಕಾರಕ್ಕೆ ಸರಿಯಾಗಿ ಉಜ್ಜಿ. ಇದಕ್ಕೆ ಅರ್ಧ ದಿನ ಹೋಗುತ್ತದೆ, ಯಾವ ಗ್ಯಾರೇಜಿನವರೂ ಮಾಡಿಕೊಡುವುದಿಲ್ಲ. ನೀವೇ ಕೂತು ಮಾಡಿ. ಇಡೀ ರಿಪೇರಿಯಲ್ಲಿ ನಮ್ಮ ಕಡೆಯ ಜೀಪಿಗೆ ಅತಿ ಹೆಚ್ಚು ಆಯಸ್ಸು ಕೊಡುವ ಅರ್ಧ ದಿನ ಅದು.

ಜೋಡಿಸುವಾಗ ಫೆಲ್ಟ್ ಸೀಲ್ ಇನ್ನೂ ಹಾಕಬೇಡಿ, ಟೈ ರಾಡ್ ಕಳಚಿಯೇ ಇರಲಿ. ಬೇರಿಂಗಿಗೆ ಅಂಗೈಯಲ್ಲಿ ಗ್ರೀಸ್ ತುಂಬಿ, ಕ್ಯಾಪ್‌ಗಳನ್ನು ಇದ್ದ ಶಿಮ್‌ಗಳ ಜೊತೆ ಬಿಗಿ ಮಾಡಿ. ಈಗ ಆರ್ಮಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಕಾಳುಮೆಣಸು ತೂಗುವ ಸಣ್ಣ ತಕ್ಕಡಿ ಆದರೂ ಆದೀತು. ನಕಲ್ ತಿರುಗುತ್ತಾ ಇರುವಾಗ ಸುಮಾರು 2 ಕೆಜಿ ತೋರಿಸಬೇಕು. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಒಂದು ತೆಳು ಶಿಮ್ ತೆಗೆಯಿರಿ, ಜಾಸ್ತಿ ಇದ್ದರೆ ಸೇರಿಸಿ. ಮೇಲೂ ಕೆಳಗೂ ಶಿಮ್ ಇರುವ ಆಕ್ಸಲ್ ಆದರೆ ಎರಡು ಕಡೆಯೂ ಸಮ ಇರಬೇಕು, ಇಲ್ಲದಿದ್ದರೆ ಒಳಗಿನ ಶಾಫ್ಟ್ ನಡುವಿನಲ್ಲಿ ಇರುವುದಿಲ್ಲ. ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದರೂ ಒಂದೇ ಹಿಡಿತ ಇರಬೇಕು, ಮಧ್ಯದಲ್ಲಿ ಟಕ್ ಅನ್ನಬಾರದು. ಇದಾದ ಮೇಲೆ ಸೀಲ್. ಫೆಲ್ಟನ್ನು ಎಣ್ಣೆಯಲ್ಲಿ ನೆನೆಸಿ ಹಾಕಿ.

ಉಂಡೆಯೊಳಗೆ ಗಟ್ಟಿ ವೀಲ್ ಬೇರಿಂಗ್ ಗ್ರೀಸ್ ತುಂಬಿಸಬೇಡಿ. ಅದು ಗೋಡೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಅರೆ ದ್ರವದಂತಿರುವ ಗ್ರೀಸ್ ಕೇಳಿ, ಜಾಯಿಂಟ್ ತಿರುಗಿದಾಗ ಸಿಡಿದು ಎಲ್ಲ ಕಡೆ ಹರಡುವಂಥದ್ದು.

ವೀಲ್ ಬೇರಿಂಗಿಗೆ ನಟ್ ಬಿಗಿಯುತ್ತಾ ಚಕ್ರ ತಿರುಗಿಸಿ. ಚಕ್ರ ಹಿಡಿದುಕೊಂಡ ಮೇಲೆ ನಟ್ಟನ್ನು ಒಂದು ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಟ್ಟು ಲಾಕ್ ವಾಷರ್ ಮಡಚಿ. ಐದು ನಿಮಿಷದ ಕೆಲಸ.

ಎಲ್ಲ ಕೂಡಿದ ಮೇಲೆ ಟೋ ಇನ್ ನೋಡಬೇಕು. ಈ ಜೀಪಿಗೆ ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಅವುಗಳ ಮುಂದುಗಡೆ ಹಿಂದುಗಡೆಗಿಂತ 1.2ರಿಂದ 2.4 ಮಿ.ಮೀ. ಕಡಿಮೆ ಇದ್ದರೆ ಸರಿ. ಬೆಲ್ ಕ್ರ್ಯಾಂಕನ್ನು ನೇರಕ್ಕೆ ನಿಲ್ಲಿಸಿ, ಎಡಗಡೆ ರಾಡಿನಿಂದ ಎಡಚಕ್ರ ನೇರ ಮಾಡಿ, ಆಮೇಲೆ ಬಲಗಡೆ ರಾಡಿನಿಂದ ಟೋ ಹೊಂದಿಸಿ. ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, 3 ಡಿಗ್ರಿ ಇರಬೇಕು. ನಿಮ್ಮ ಡೀಸೆಲ್ ಇಂಜಿನ್ ವಿಷಯ ಬರುವುದು ಇಲ್ಲೇ. ಹಳೇ ಪೆಟ್ರೋಲ್ ಇಂಜಿನ್ನಿಗಿಂತ ಅದು ಭಾರ, ಕಮಾನ್ ಪ್ಲೇಟ್ ಕೂತುಬಿಟ್ಟಿರುತ್ತದೆ, ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ತಪ್ಪುತ್ತದೆ. ಪ್ಲೇಟ್ ಮತ್ತು ಆಕ್ಸಲ್ ನಡುವೆ ಬೆಣೆ ಕೊಟ್ಟು ಸರಿ ಮಾಡಬಹುದು. ಅದಕ್ಕೆ ಮೊದಲು ಶ್ಯಾಕಲ್ ಬುಷ್ ಮತ್ತು ಯು ಬೋಲ್ಟ್ ನೋಡಿ, ಬುಷ್ ಹೋಗಿದ್ದರೆ ಅಳತೆಯೇ ನಿಲ್ಲುವುದಿಲ್ಲ.

ಒಂದು ಮಾತು ಗಟ್ಟಿಯಾಗಿ: ಟೈ ರಾಡ್, ಸ್ಟೇರಿಂಗ್ ಆರ್ಮ್, ಕಿಂಗ್ ಪಿನ್, ಇವುಗಳಿಗೆ ವೆಲ್ಡಿಂಗ್ ಮಾಡಿಸಬೇಡಿ. ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿ ಲೇತಿಗೆ ಹಾಕಿಕೊಡುತ್ತೇವೆ ಅನ್ನುವ ಒಳ್ಳೆ ಕೆಲಸಗಾರರು ಇದ್ದಾರೆ, ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಕಾದ ಕಬ್ಬಿಣದ ಗುಣ ಬದಲಾಗುತ್ತದೆ, ಸವೆಯುವ ಬದಲು ಮುರಿಯುತ್ತದೆ. ಸ್ಟೇರಿಂಗ್ ಡ್ಯಾಂಪರ್ ಹಾಕಿ ಅಲ್ಲಾಟ ನಿಲ್ಲಿಸುತ್ತೇವೆ ಅಂತಲೂ ಯಾರಾದರೂ ಹೇಳಬಹುದು. ಅದು ನೋವಿನ ಮಾತ್ರೆ. ಪ್ಲೇ ಎಲ್ಲ ತೆಗೆದ ಮೇಲೆ ಬೇಕಿದ್ದರೆ ಹಾಕಿಕೊಳ್ಳಿ.

ಎಡಗಡೆ ಮಾತ್ರ ಸಾಕಾ ಅಂತ ಕೇಳುತ್ತೀರಿ ಅಂತ ಗೊತ್ತು. ಬಲಗಡೆಯದನ್ನೂ ಬಿಚ್ಚಿ. ಅದೇ ತೋಡು, ಅದೇ ಕೆಸರು ಅಲ್ವಾ? ರೋಬಸ್ಟಾ ಕುಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಜೀಪಿಗೆ ಸ್ವಲ್ಪ ಬಿಡುವಿರುತ್ತದೆ, ಜೂನ್ ಮಳೆ ಹಿಡಿಯುವ ಮೊದಲು ಎರಡೂ ಕಡೆ ಮುಗಿಸಿ. 200 ಕಿ.ಮೀ. ಓಡಿದ ಮೇಲೆ ಕ್ಯಾಪ್ ಬೋಲ್ಟ್, ಯು ಬೋಲ್ಟ್, ವೀಲ್ ಬೇರಿಂಗ್ ಮತ್ತೊಮ್ಮೆ ನೋಡಿ. ಮಳೆಗಾಲದಲ್ಲಿ ತೋಡು ದಾಟುವ ಕೆಲಸ ಜಾಸ್ತಿ ಇದ್ದರೆ ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಕಳೆದ ಮೇಲೆ ಒಮ್ಮೆ ಉಂಡೆಯ ಪ್ಲಗ್ ತೆಗೆದು ಬೆರಳು ಹಾಕಿ. ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಆಗಲೇ ತೊಳೆದು ಬದಲಿಸಿ.

ರಿಪೇರಿ ಆಗುವವರೆಗೆ ಜೀಪ್ ತೋಟದೊಳಗೆ ಮೊದಲ, ಎರಡನೇ ಗೇರಿನಲ್ಲೇ ಇರಲಿ. ಸಂಪಾಜೆ ಘಾಟಿಗಂತೂ ಇಳಿಸಬೇಡಿ. ಅಕಸ್ಮಾತ್ ಅಲ್ಲಾಟ ಶುರುವಾದರೆ ಬ್ರೇಕ್ ಗಕ್ಕನೆ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ. ಹೆಬ್ಬೆರಳು ಸ್ಟೇರಿಂಗಿನ ಒಳಗೆ ಸುತ್ತಿ ಹಿಡಿಯಬೇಡಿ, ಹೊರಗೇ ಇರಲಿ. ಸ್ಟೇರಿಂಗ್ ಒದ್ದಾಗ ಮೊದಲು ಏಟು ಬೀಳುವುದು ಅದಕ್ಕೇ.